ಜಲಪಾತದ ಬಳಿ ಬರೀ ‘ಅಪಾಯ’ ಫಲಕ ಸಾಲದು

ಮಾನ್ಯರೇ,

ಬೆಟ್ಟದ ಪ್ರವಾಸಕ್ಕೆ ಹೋದವರು ಜಲಪಾತ ಕಂಡೊಡನೆ ನೀರಿಗಿಳಿಯುವುದನ್ನು ನೋಡಿದಾಗಲೆಲ್ಲ ಎದೆ ನಡುಗುತ್ತದೆ. ನಾವು ನಿಂತಲ್ಲಿ ಬಿಸಿಲಿದ್ದರೂ, ಮೇಲಿನ ಕಣಿವೆಯಲ್ಲಿ ಸುರಿದ ಮಳೆಯಿಂದ ಹೊಳೆ ಕೆಲವೇ ನಿಮಿಷಗಳಲ್ಲಿ ಉಕ್ಕಿಬರಬಹುದೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ತಿಳಿನೀರು ದಿಢೀರನೆ ಕದಡುವುದು, ತರಗೆಲೆ, ಕಡ್ಡಿಗಳು ರಾಶಿಯಾಗಿ ತೇಲಿಬರುವುದು, ಮೊರೆತ ಏರುವುದು ಇದರ ಮುನ್ಸೂಚನೆಗಳು. ಆಗ ಚೀಲ, ಚಪ್ಪಲಿಗಳ ಆಸೆ ಬಿಟ್ಟು ಕೂಡಲೇ ಎತ್ತರದ ದಡಕ್ಕೆ ಹತ್ತಬೇಕು. ಕಳೆದ ಚಾರಣದಲ್ಲಿ ನಾನೇ, ಒಣಗಿದಂತೆ ಕಂಡ ಕಪ್ಪು ಬಂಡೆಯ ಮೇಲೆ ಕಾಲಿಟ್ಟು, ಕಣ್ಣಿಗೆ ಬೀಳದಷ್ಟು ತೆಳುವಾದ ಪಾಚಿಯಿಂದ ಜಾರಿ, ಮರದ ಬೇರೊಂದು ಕೈಗೆ ಸಿಕ್ಕಿದ್ದರಿಂದ ಉಳಿದೆ. ಪಕ್ಕದಲ್ಲೇ ‘ಅಪಾಯ’ ಎಂಬ ಫಲಕವಿತ್ತು. ಏಕೆ ಅಪಾಯ, ಯಾವ ಲಕ್ಷಣ ಕಂಡರೆ ಹಿಂದಿರುಗಬೇಕು ಎಂಬುದನ್ನು ಸಂಬಂಧಪಟ್ಟವರು ಚಾರಣದ ಹಾದಿ ಆರಂಭವಾಗುವಲ್ಲೇ ವಿವರವಾಗಿ ಬರೆಸಬೇಕೆಂದು ಕೋರುತ್ತೇನೆ.

– ಒಬ್ಬ ಚಾರಣಿಗ