ಸ್ಪೀಡ್‌ವೇ ಸವಾರನಾಗಹೊರಟ ಸೋದರಳಿಯನಿಗೆ

ಮ್ಯಾಂಚೆಸ್ಟರ್

ಚಿರಂಜೀವಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ, ಪರ್ತ್‌ನಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಶಾಲೆ ಮುಗಿದ ಕೂಡಲೇ ಇಂಗ್ಲೆಂಡಿಗೆ ಬಂದು ಸ್ಪೀಡ್‌ವೇ ಲೀಗಿನಲ್ಲಿ, ಅಂದರೆ ಮಣ್ಣಿನ ಅಂಡಾಕಾರದ ಟ್ರ್ಯಾಕಿನ ರೇಸಿನಲ್ಲಿ, ಬೈಕ್ ಓಡಿಸುತ್ತೇನೆಂದು ನೀನು ಹಟ ಹಿಡಿದಿರುವ ಸಂಗತಿಯನ್ನು ಅಕ್ಕ ಫೋನಿನಲ್ಲಿ ಹೇಳಿದಳು. ನಾನು ನಿನ್ನನ್ನು ತಡೆಯಬೇಕೆಂಬುದು ಅವಳ ಅಪೇಕ್ಷೆ. ಸೋಮವಾರ ಸಂಜೆಯಾದರೆ ಸ್ಪೀಡ್‌ವೇ ನೋಡಲು ಇಲ್ಲಿನ ಬೆಲ್ ವ್ಯೂ ಕ್ರೀಡಾಂಗಣದ ಕಡೆಗೆ ಕಾಲು ಹಾಕುವ ನಾನು ಯಾವ ಮುಖ ಇಟ್ಟುಕೊಂಡು ನಿನ್ನನ್ನು ತಡೆಯಲಿ? ಬೇಡವೆನ್ನುವುದಿಲ್ಲ. ಈ ವರ್ಷ ಸವಾರನಾಗಿ ಬರುವುದು ಬೇಡ ಎನ್ನುತ್ತೇನೆ. ಅದಕ್ಕೆ ಕಾರಣವನ್ನು ವಿವರವಾಗಿ ಬರೆಯುತ್ತೇನೆ, ಸಮಾಧಾನದಿಂದ ಓದು.

ನಿನ್ನ ಊರಿನಲ್ಲೇ ಬೆಳೆದ ಟೈ ವಾಫಿಂಡನ್ 2013, 2015 ಮತ್ತು 2018ರಲ್ಲಿ ವಿಶ್ವ ಚಾಂಪಿಯನ್ ಆದದ್ದನ್ನು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ 2010ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅವನು ವಿಶ್ವ ಚಾಂಪಿಯನ್ ಯಾರೆಂದು ನಿರ್ಧರಿಸುವ ಗ್ರ್ಯಾಂಡ್ ಪ್ರಿ ಸರಣಿಗೆ ಇಳಿದು ಪಟ್ಟಿಯ ತಳಭಾಗದಲ್ಲಿ ಉಳಿದದ್ದನ್ನು ನೀನು ಎಲ್ಲಿಯೂ ಪ್ರಸ್ತಾಪಿಸುವುದಿಲ್ಲ. ತಂದೆಯನ್ನು ಕ್ಯಾನ್ಸರಿಗೆ ಕಳೆದುಕೊಂಡ ವರ್ಷವೂ ಅದೇ. ಆ ಬಳಿಕ ಅವನು ಲೀಗುಗಳಲ್ಲಿ ದುಡಿದು ಹದಗೊಂಡು 2013ರಲ್ಲಿ ಮರಳಿ ಬಂದ.

ಇನ್ನೂ ಹಿಂದಿನ ಒಂದು ಉದಾಹರಣೆ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಐವನ್ ಮೇಜರ್ (Mauger) ಅವರು 1957ರಲ್ಲಿ, ಹದಿನೇಳರ ಹರೆಯದಲ್ಲಿ, ಹೆಂಡತಿಯೊಡನೆ ಇಂಗ್ಲೆಂಡಿಗೆ ಬಂದು ವಿಂಬಲ್ಡನ್ ತಂಡವನ್ನು ಸೇರಿದರು. ಅಲ್ಲಿ ನೆಲೆ ನಿಲ್ಲಲಾಗದೆ ಊರಿಗೆ ಮರಳಿದರು. ಮತ್ತೆ ಬಂದದ್ದು 1963ರಲ್ಲಿ, ಅದೂ ದೊಡ್ಡ ಲೀಗಿಗಲ್ಲ, ಕೆಳಗಿನ ಲೀಗಿನಲ್ಲಿದ್ದ ನ್ಯೂಕಾಸಲ್ ತಂಡಕ್ಕೆ. ಆಮೇಲೆ ನಡೆದದ್ದು ಚರಿತ್ರೆಯಲ್ಲಿದೆ: 1968, 1969, 1970ರಲ್ಲಿ ಸತತವಾಗಿ ಮೂರು ವಿಶ್ವ ಪ್ರಶಸ್ತಿ, ಆಮೇಲೆ 1972, 1977, ಕೊನೆಗೆ 1979ರಲ್ಲಿ ಪೋಲೆಂಡಿನ ಹೋಜುಫ್‌ನಲ್ಲಿ ಆರನೆಯದು. ಆಗ ಅವರ ವಯಸ್ಸು ಮೂವತ್ತೊಂಬತ್ತು. ಸತತ ಮೂರರ ನೆನಪಿಗೆ ಚಿನ್ನದ ಲೇಪ ಹಾಕಿಸಿದ ಅವರ ಬೈಕಿನ ಫೋಟೋವನ್ನು ಎಲ್ಲರೂ ನೋಡುತ್ತಾರೆ. ನಡುವಿನ ಆ ಐದಾರು ವರ್ಷಗಳನ್ನು ನೋಡುವವರು ಕಡಿಮೆ. ಯಂತ್ರವನ್ನು ಸಿದ್ಧಪಡಿಸುವುದರಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಅಪರೂಪವೆಂದು ಹೇಳುತ್ತಾರೆ. ನ್ಯೂಕಾಸಲ್‌ನಲ್ಲಿ ಅವರ ಜೊತೆಗಿದ್ದು ಕಲಿತ ಡೆನ್ಮಾರ್ಕಿನ ಓಲೆ ಓಲ್ಸನ್ 1971ರಲ್ಲಿ ಗುರುವನ್ನೇ ಎರಡನೆಯ ಸ್ಥಾನಕ್ಕೆ ಇಳಿಸಿ ಚಾಂಪಿಯನ್ ಆದರು.

ನೀನು ಟಿವಿಯಲ್ಲಿ ನೋಡುವುದು ನಾಲ್ಕು ಸುತ್ತುಗಳ ಒಂದು ನಿಮಿಷವನ್ನು. ನಾನು ಬೈಕುಗಳನ್ನು ಸಿದ್ಧಪಡಿಸುವ ಪಿಟ್‌ನ ಬೇಲಿಯ ಪಕ್ಕದಲ್ಲಿ ನಿಂತು ನೋಡುವುದು ಎರಡು ಹೀಟ್‌ಗಳ, ಅಂದರೆ ಎರಡು ಓಟಗಳ, ನಡುವಿನ ಹೊತ್ತನ್ನು. ಬ್ರೇಕೂ ಇಲ್ಲದ, ಓಡುವಾಗ ಬದಲಿಸಲು ಗೇರೂ ಇಲ್ಲದ 500 ಸಿಸಿ ಯಂತ್ರವಾದ್ದರಿಂದ, ಸಂಜೆ ಕಳೆದಂತೆ ನೆಲದ ಹಿಡಿತ ಬದಲಾದರೆ ಚೈನು ಓಡುವ ಹಲ್ಲುಚಕ್ರವನ್ನೇ (ಸ್ಪ್ರಾಕೆಟ್) ಬಿಚ್ಚಿ ಬೇರೆ ಹಲ್ಲುಗಳದ್ದನ್ನು ಹಾಕಬೇಕು. ಒಬ್ಬ ಕ್ಲಚ್ ಪ್ಲೇಟುಗಳನ್ನು ಒರೆಸುತ್ತಿರುತ್ತಾನೆ, ಇನ್ನೊಬ್ಬ ಹಿಂದಿನ ಚಕ್ರ ಬಿಚ್ಚುತ್ತಿರುತ್ತಾನೆ. ಸವಾರನು ಎಡಗಾಲಿನ ಉಕ್ಕಿನ ಪಾದರಕ್ಷೆಯ ಪಟ್ಟಿಯನ್ನೂ ಬಿಚ್ಚದೆ ಟ್ರ್ಯಾಕಿನ ಯಾವ ಭಾಗದಲ್ಲಿ ಮಣ್ಣು ಸಡಿಲವಾಗಿದೆಯೆಂದು ಅವರಿಗೆ ವಿವರಿಸುತ್ತಿರುತ್ತಾನೆ. ಈ ಮಾತುಕತೆಯಲ್ಲಿ ನೀನು ಏನು ಹೇಳಬಲ್ಲೆ ಎಂಬುದೇ ನನ್ನ ಪ್ರಶ್ನೆ. ಥ್ರಾಟಲ್ ತಿರುಗಿಸುವ ಧೈರ್ಯ ನಿನ್ನಲ್ಲಿದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಹಣದ ವಿಷಯವನ್ನೂ ಮುಚ್ಚಿಡುವುದಿಲ್ಲ. ಸವಾರನು ಇಲ್ಲಿ ಸಂಬಳದ ನೌಕರನಲ್ಲ, ಸ್ವಂತ ಕಸುಬಿನವನು. ಗಳಿಕೆಯ ಬಹುಪಾಲು ಗೆದ್ದ ಅಂಕಗಳ ಲೆಕ್ಕದಲ್ಲಿ ಬರುತ್ತದೆ: ಮೊದಲನೆಯವನಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಕೊನೆಯವನಿಗೆ ಸೊನ್ನೆ. ಟೈರು, ಇಂಧನವಾದ ಮೆಥನಾಲ್, ಎಂಜಿನ್ ದುರಸ್ತಿ, ಮೆಕಾನಿಕ್‌ನ ಕೂಲಿ, ವ್ಯಾನಿನ ಖರ್ಚು ಸೊನ್ನೆ ಗಳಿಸಿದ ದಿನವೂ ಅಷ್ಟೇ. ಹೆಸರಾದವರು ಶುಕ್ರವಾರ ಪೋಲೆಂಡ್, ಶನಿವಾರ ಗ್ರ್ಯಾಂಡ್ ಪ್ರಿ, ಭಾನುವಾರ ಮತ್ತೆ ಪೋಲೆಂಡ್, ಮಂಗಳವಾರ ಸ್ವೀಡನ್ ಎಂದು ತಿರುಗುತ್ತಾರೆ. ವಿಮಾನದಲ್ಲಿ ನಿದ್ದೆ, ವ್ಯಾನಿನಲ್ಲಿ ಊಟ. ದೊಡ್ಡ ಹಣ ಪೋಲೆಂಡಿನಲ್ಲಿದೆ ಎಂಬುದು ನಿಜ, ಆದರೆ ಅಲ್ಲಿ ಸೋತವನನ್ನು ಬಹಳ ದಿನ ಕಾಯುವ ತಂಡಗಳಿಲ್ಲ.

ಇನ್ನೊಂದು ಮಾತನ್ನು ಅಕ್ಕನೆದುರು ಆಡಲಾಗದೆ ನಿನಗೆ ಬರೆಯುತ್ತಿದ್ದೇನೆ. ನಿಮ್ಮ ಆಸ್ಟ್ರೇಲಿಯಾದವನೇ ಆದ ಡಾರ್ಸಿ ವಾರ್ಡ್, ಆ ಪೀಳಿಗೆಯಲ್ಲಿ ಅವನಷ್ಟು ಸಹಜ ಪ್ರತಿಭೆ ಇನ್ನೊಂದಿರಲಿಲ್ಲವೆಂದು ನಾನು ಇಂದಿಗೂ ವಾದಿಸುತ್ತೇನೆ, 2015ರ ಆಗಸ್ಟ್‌ನಲ್ಲಿ ಪೋಲೆಂಡಿನ ಝಿಯೆಲೋನಾ ಗುರಾದಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ. ಅವನಿಗಾಗ ಇಪ್ಪತ್ತಮೂರು. ಕೌಶಲವಿದ್ದವನು ಬೀಳುವುದಿಲ್ಲವೆಂಬ ನಿನ್ನ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ನನ್ನ ಬಳಿ ಇಲ್ಲ. ಗಾಯದ ವಿಮೆ ಕೈಗೆ ಬರುವವರೆಗೂ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡ.

ಆದ್ದರಿಂದ ಹೀಗೆ ಮಾಡು. ನಿಮ್ಮಲ್ಲಿ ಸ್ಪೀಡ್‌ವೇ ನಡೆಯುವುದು ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಇಲ್ಲಿ ಟ್ರ್ಯಾಕು ಮುಚ್ಚಿರುವ ಕಾಲದಲ್ಲಿ. ಮೋಟಾರು ಮೆಕಾನಿಕ್ ತರಬೇತಿಗೆ ಸೇರಿಕೊಂಡು ಎರಡು ಸೀಸನ್ ಅಲ್ಲೇ 500 ಸಿಸಿ ಬೈಕಿನಲ್ಲಿ ಓಡು. ನಡುವೆ ಬಿಡುವು ಸಿಕ್ಕಿದಾಗ ಇಲ್ಲಿಗೆ ಬಂದು, ಯಾರಾದರೂ ಅನುಭವಿ ಸವಾರನ ಪಿಟ್‌ನಲ್ಲಿ ಚಕ್ರ ತೊಳೆಯುವ ಕೆಲಸವಾದರೂ ಸರಿ, ಕೇಳಿ ಪಡೆದುಕೋ. ಬೆಲ್ ವ್ಯೂನಲ್ಲಿ ಪರಿಚಯದವರಿದ್ದಾರೆ, ಮಾತನಾಡುವ ಹೊಣೆ ನನ್ನದು. ಮನೆಯ ಗ್ಯಾರೇಜಿನಲ್ಲಿ ಎರಡು ಬೈಕಿಗೆ ಜಾಗ ಮಾಡಿಸುತ್ತೇನೆ. ಮೆಥನಾಲನ್ನು ಮಾತ್ರ ಮನೆಯೊಳಗೆ ತರಕೂಡದೆಂದು ನಿನ್ನ ಅತ್ತೆ ಈಗಲೇ ಷರತ್ತು ಹಾಕಿದ್ದಾಳೆ.

ತರಬೇತಿಗೆ ಅರ್ಜಿ ಹಾಕಿದ ಮೇಲೆ ನನಗೆ ಬರೆ. ಅಕ್ಕನಿಗೆ ನಾನೇ ಫೋನು ಮಾಡಿ ಒಪ್ಪಿಸುತ್ತೇನೆ.

ಇತಿ ಆಶೀರ್ವಾದಗಳು,
ನಿನ್ನ ಸೋದರಮಾವ