ಕುದುರೆಮುಖ ಪೇಟೆ ನೋಡಲು ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಸತೀಶ,

ಕುದುರೆಮುಖದ ಪೇಟೆ ನೋಡಿಕೊಂಡು, ಹಾಗೇ ಬೆಟ್ಟವನ್ನೂ ಹತ್ತಿ ಬರುತ್ತೇನೆ ಎಂದು ಬರೆದಿದ್ದೀಯ. ಅವೆರಡೂ ಒಂದೇ ಕಡೆ ಇಲ್ಲ ಮಾರಾಯ. 1894 ಮೀಟರ್ ಎತ್ತರದ ಶಿಖರಕ್ಕೆ ಹತ್ತುವ ದಾರಿ ಶುರುವಾಗುವುದು ಸಂಸೆ ಕಡೆಯ ಮುಳ್ಳೋಡಿಯಿಂದ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಮಾಡಿಸಿಕೊಂಡಿರಬೇಕು. ಆ ಶಿಖರಕ್ಕೆ ಸಂಸೆ ಪರ್ವತ ಎಂಬ ಹಳೆಯ ಹೆಸರೂ ಇದೆ. ಬಸ್ಸಿನ ಬೋರ್ಡಿನಲ್ಲಿ ಕಾಣುವ ‘ಕುದುರೆಮುಖ’ ಬೇರೆ. ಅದು ಭದ್ರೆಯ ದಡದ ಮಲ್ಲೇಶ್ವರ. ಬೆಟ್ಟದ ಹೆಸರನ್ನು ಅಲ್ಲಿ ಕಬ್ಬಿಣದ ಅದಿರು ಅಗೆದ ಕಂಪನಿ ಇಟ್ಟುಕೊಂಡಿತು, ಕಂಪನಿಯ ಹೆಸರು ಊರಿಗೆ ಅಂಟಿಕೊಂಡಿತು.

ನೀನು ಭದ್ರಾವತಿಯವನು, ಕಾರ್ಖಾನೆ ಕ್ವಾರ್ಟರ್ಸ್ ಅಂದರೇನು ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ಲೆಕ್ಕದಲ್ಲೇ ಇದನ್ನು ನೋಡಿದರೆ ತಪ್ಪಾಗುತ್ತದೆ. ಕಬ್ಬಿಣದ ಕಾರ್ಖಾನೆ ಬರುವ ಮೊದಲೇ ಭದ್ರಾವತಿಯಲ್ಲಿ ಬೆಂಕಿಪುರ ಎಂಬ ಹಳೆಯ ಊರು ಇತ್ತು, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇತ್ತು, ಸುತ್ತ ಗದ್ದೆ ತೋಟ ಇತ್ತು. ನ್ಯೂಟೌನ್ ಆಚೆಗೆ ಜನ್ನಾಪುರದಂಥ ಕಡೆ ಜನ ಸೈಟು ಕೊಂಡು ಸ್ವಂತ ಮನೆ ಕಟ್ಟಿಕೊಂಡರು. ಹಾಗಾಗಿ ಕಾರ್ಖಾನೆ ಸೊರಗಿದರೂ ಊರು ಊರಾಗಿಯೇ ಉಳಿಯಿತು. ಮಲ್ಲೇಶ್ವರದಲ್ಲಿ ಅಂಥ ಅಂಚೇ ಇಲ್ಲ. ಕಾಲೋನಿಯ ಕೊನೆಯ ಬೀದಿ ಮುಗಿದಲ್ಲಿ ಕಾಡು ಶುರು. ಮನೆಗಳು ಕಂಪನಿಯವು, ನೌಕರಿ ಮುಗಿದವರು ಬೀಗದ ಕೈ ಒಪ್ಪಿಸಿ ಹೊರಡಬೇಕು. ಅಜ್ಜ ಕಟ್ಟಿಸಿದ ಮನೆ ಅನ್ನುವ ಮಾತೇ ಅಲ್ಲಿ ಹುಟ್ಟಲಿಲ್ಲ. ಆ ಊರು ಬರಿದಾಗಲು ಇದೇ ಮುಖ್ಯ ಕಾರಣ ಎಂದು ನನ್ನ ಎಣಿಕೆ. ಗಣಿ ನಿಲ್ಲಿಸಿದ ಕೋರ್ಟಿನ ತೀರ್ಪು ಆಮೇಲಿನದು.

ಅಲ್ಲಿ ಅದಿರಿದೆ ಎಂದು 1913ರಲ್ಲೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. ಆದರೆ ಅದು ಬಡ ಅದಿರು. ಮೂರು ಲಾರಿ ಅಗೆದು ತಂದರೆ ಒಂದು ಲಾರಿಯಷ್ಟು ಮಾಲು, ಮಿಕ್ಕ ಎರಡು ಲಾರಿ ಕೆಸರು. ಕಲ್ಲನ್ನು ಹಿಟ್ಟಿನಂತೆ ಅರೆದು, ಆಯಸ್ಕಾಂತ ಗುಣದ ಮ್ಯಾಗ್ನಟೈಟನ್ನು ಬೇರ್ಪಡಿಸಬೇಕು. ಅದಕ್ಕೆ ದಂಡಿಯಾಗಿ ನೀರು ಬೇಕು. ನೀರಿಗೇನೂ ಬರವಿರಲಿಲ್ಲ. ಶಿವಮೊಗ್ಗ ಪೇಟೆಗೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆಯಾದರೆ, ಅಲ್ಲಿ ಏಳು ಸಾವಿರದ ಹತ್ತಿರ. ಉಳಿದ ಕೆಸರನ್ನು ನಿಲ್ಲಿಸಲು ಭದ್ರೆಗೆ ಸೇರುವ ಲಕ್ಯಾ ಹಳ್ಳಕ್ಕೆ ಸುಮಾರು 100 ಮೀಟರ್ ಎತ್ತರದ ಕಟ್ಟೆ ಹಾಕಿದರು. ದೂರದಿಂದ ಕೆರೆಯಂತೆ ಕಾಣುತ್ತದೆ. ತುಂಬಿರುವುದು ಬರೀ ನೀರಲ್ಲ.

ಅದಿರಿನ ಹುಡಿಯನ್ನು ಲಾರಿಯಲ್ಲಿ ಘಟ್ಟ ಇಳಿಸಲಿಲ್ಲ. ನೀರಿನಲ್ಲಿ ಕಲಸಿ, ಕೊಳವೆಯಲ್ಲಿ 67 ಕಿಲೋಮೀಟರ್ ದೂರದ, ಮಂಗಳೂರಿನ ಬಂದರಿರುವ ಪಣಂಬೂರಿಗೆ ಹರಿಸಿದರು. ಇಳಿಜಾರು ಇದೆಯೆಂದು ಸುಮ್ಮನೆ ಬಿಟ್ಟರೆ ನಡೆಯದು. ವೇಗ ತಗ್ಗಿದರೆ ಹುಡಿ ತಳಕ್ಕೆ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ಉಜ್ಜಿ ಉಜ್ಜಿ ಕೊಳವೆಯೇ ಸವೆಯುತ್ತದೆ. ಇಂಥ ಸಾಲನ್ನು ನಿಲ್ಲಿಸುವ ಮುಂಚೆ ಬರೀ ನೀರು ಬಿಟ್ಟು ತೊಳೆಯಬೇಕು.

ಇಷ್ಟಕ್ಕೆಲ್ಲ ದುಡ್ಡು ಬರಬೇಕಾಗಿದ್ದು ಇರಾನಿನಿಂದ. 63 ಕೋಟಿ ಡಾಲರ್ ಸಾಲ, ಅದಿರಿನ ಖರೀದಿಯೂ ಅವರದೇ ಎಂಬ ಒಪ್ಪಂದ. 1976ರ ಏಪ್ರಿಲಿನಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ದೊರೆತನವೇ ಉರುಳಿತು. ಸಾಲ ಅರ್ಧಕ್ಕೇ ನಿಂತಿತು, ಕೊಳ್ಳುವವನೂ ಹೋದ. ಆದರೂ 1980ಕ್ಕೆ ಸ್ಥಾವರ ಕಟ್ಟಿ ಮುಗಿಸಿದರು. ಆಮೇಲೆ ಪಣಂಬೂರಿನಲ್ಲಿ ಹುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಘಟಕ ಬಂತು. ಯಾರೇನೇ ಅನ್ನಲಿ, ಆ ಮಳೆಯಲ್ಲಿ ಅಷ್ಟು ಬೇಗ ಕಟ್ಟಿದ್ದು ಸಣ್ಣ ಮಾತಲ್ಲ.

ಅಗೆದ ಗುಡ್ಡದ ಮೇಲೆ ಅಂಥ ಮಳೆ ಬಿದ್ದರೆ ಏನಾಗುತ್ತದೆ? ಅಲ್ಲಿಯ ಗುಡ್ಡಗಳ ನೆತ್ತಿಯಲ್ಲಿ ಹುಲ್ಲು, ಮಡಿಕೆಗಳಲ್ಲಿ ಶೋಲಾ ಕಾಡು. ಹುಲ್ಲಿನ ಬೇರು ಮಣ್ಣು ಹಿಡಿದಿರುತ್ತದೆ, ಶೋಲಾ ನೀರು ಹಿಡಿದು ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮೇಲಿನ ಹೊದಿಕೆ ಕಿತ್ತರೆ ಕೆಂಪು ನೀರು ನೇರ ಭದ್ರೆಗೆ. ಗಂಗಾಮೂಲದಲ್ಲಿ ಹುಟ್ಟಿದ ಹೊಳೆ ನಿಮ್ಮೂರಿನ ಸೇತುವೆ ತಲುಪುವ ಮುಂಚೆ ಲಕ್ಕವಳ್ಳಿ ಅಣೆಕಟ್ಟಿನಲ್ಲಿ ನಿಂತು ಹೂಳು ಇಳಿಸುತ್ತದೆ, ಅದಕ್ಕೇ ನಿಮಗದು ಕಣ್ಣಿಗೆ ಕಾಣಲಿಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು, ಸಿಂಗಳೀಕಗಳ ಕಾಡದು. ಕಂಪನಿ ಹುಟ್ಟುವ ಮೊದಲೇ ಕೊಟ್ಟಿದ್ದ 30 ವರ್ಷದ ಗಣಿ ಗುತ್ತಿಗೆ 1999ಕ್ಕೆ ಮುಗಿಯಿತು. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿರುವ ಮೊಕದ್ದಮೆಯಲ್ಲಿ ಗಣಿ ನಿಲ್ಲಿಸುವಂತೆ ಸುಪ್ರೀಂ ಕೋರ್ಟು 2002ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಅಗೆತ ನಿಂತಿತು.

ಖಾಲಿ ಮನೆಗಳನ್ನು ನೋಡುವಾಗ ಗೋಡೆಯ ಮೇಲಿನ ಬರಹದ ಫೋಟೋ ತೆಗೆದು ಬರಬೇಡ, ಮನೆ ಹೇಗೆ ಸಾಯುತ್ತದೆ ಎಂದು ನೋಡು. ಅಂಥ ಮಳೆಯಲ್ಲಿ ಜನವಿಲ್ಲದ ಯಾವ ಮನೆಗಾದರೂ ಆಗುವುದು ಇಷ್ಟೇ. ಮೊದಲು ತರಗೆಲೆ ಬಿದ್ದು ಚಾವಣಿಯ ನೀರು ಹೋಗುವ ಕಿಂಡಿ ಮುಚ್ಚುತ್ತದೆ. ನಿಂತ ನೀರು ಕಾಂಕ್ರೀಟಿನ ಕೂದಲೆಳೆ ಬಿರುಕಿನಿಂದ ಒಳಗಿನ ಸರಳಿಗೆ ಇಳಿಯುತ್ತದೆ. ಸರಳು ತುಕ್ಕು ಹಿಡಿದು ಉಬ್ಬಿ, ಕೆಳಗಿನ ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಹೆಂಚಿನ ಮನೆಯಾದರೆ ಒಂದು ಹೆಂಚು ಸರಿದರೆ ಸಾಕು, ಹೆಂಚು ಹೊರುವ ಪಕಾಸಿ ಕೊಳೆತು ಎರಡು ಮೂರು ಮಳೆಗಾಲಕ್ಕೆ ಮಾಡು ಬಾಗುತ್ತದೆ. ಮಲೆನಾಡಿನಲ್ಲಿ ಮಳೆಗೆ ಮುಂಚೆ ಹೆಂಚು ಕೈಯಾಡಿಸುವುದು ಇದಕ್ಕೇ. ಬಾಗಿಲು ಚೌಕಟ್ಟು ವರಲೆಯ ಪಾಲು. ತಾರಸಿ ಹತ್ತಲು ಹೋಗಬೇಡ, ಕೆಳಗೆ ನಿಂತು ತಲೆ ಎತ್ತಿದರೆ ತುಕ್ಕಿನ ಗೆರೆ ಕಾಣುತ್ತದೆ. ಬೀಗ ಹಾಕಿದ್ದು ಕಂಪನಿಯ ಆಸ್ತಿ, ಒಳಗೆ ನುಗ್ಗಬೇಡ.

ದಾರಿ: ಎನ್.ಆರ್. ಪುರ, ಬಾಳೆಹೊನ್ನೂರು, ಮಾಗುಂಡಿ, ಕಳಸ, ಸಂಸೆ. ಕಳಸದಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಬರುವಾಗ ಎಸ್.ಕೆ. ಬಾರ್ಡರ್, ಕೆರೆಕಟ್ಟೆ, ಶೃಂಗೇರಿ ಮೇಲೆ ಬಾ. ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ಹೋಗಿ ಎಷ್ಟೋ ಕಾಲವಾದರೂ ಆ ತಿರುವು ಇನ್ನೂ ಎಸ್.ಕೆ. ಬಾರ್ಡರೇ. ಜುಲೈನಲ್ಲಂತೂ ಬೇಡ, ಮಂಜಿನಲ್ಲಿ ರಸ್ತೆಯೇ ಕಾಣುವುದಿಲ್ಲ. ನವೆಂಬರ್ ಆದಮೇಲೆ ಹೋಗು, ಹುಲ್ಲು ಇನ್ನೂ ಹಸಿರಿರುತ್ತದೆ. ಪೆಟ್ರೋಲ್ ಕಳಸದಲ್ಲೇ ತುಂಬಿಸಿಕೋ. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಹೊತ್ತು ಬರೆದು ಚೀಟಿ ಕೊಡುತ್ತಾರೆ. ಆ ಹೊತ್ತಿನೊಳಗೆ ಆಚೆ ಗೇಟು ದಾಟಬೇಕು. ನಡುವೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿದೆಯೋ, ದಂಡ ಕಟ್ಟಬೇಕಾದೀತು. ಊಟ ಕಳಸದಲ್ಲೋ ಹೊರನಾಡಿನಲ್ಲೋ ಮುಗಿಸಿಕೊಂಡೇ ಗೇಟಿನ ಹತ್ತಿರ ಹೋಗು.

ಇಂತಿ ನಿನ್ನ,
ಗೆಳೆಯ