ರೈನಿಯ ಕಲ್ಲಿನಿಂದ ಶುರುಮಾಡಿ: ಯುವ ಬರಹಗಾರರೊಬ್ಬರಿಗೆ ಪತ್ರ

ಆತ್ಮೀಯರೇ,

ಸಪ್ರೇಮ ನಮಸ್ಕಾರಗಳು. ನೆಲದ ಸಸ್ಯಗಳ ವಿಕಾಸ ಕುರಿತು ನೀವು ಕಳಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೆಚ್ಚುಗೆಯ ಮಾತನ್ನು ನಿಮ್ಮ ಗೆಳೆಯರು ಈಗಾಗಲೇ ಹೇಳಿರುತ್ತಾರಾದ್ದರಿಂದ ನಾನು ನೇರವಾಗಿ ತಕರಾರುಗಳಿಗೆ ಬರುತ್ತೇನೆ.

ಮೊದಲ ಪುಟದಲ್ಲೇ ‘ಸಸ್ಯಗಳು ನೀರನ್ನು ತೊರೆದು ನೆಲವನ್ನು ಗೆಲ್ಲಲು ಹೊರಟವು’ ಎಂದು ಬರೆದಿದ್ದೀರಿ. ಹಾಗೆ ಹೊರಡಲು ಅವು ದಂಡಯಾತ್ರೆಗೆ ಸಜ್ಜಾದ ಸೈನ್ಯವೇ? ಸಿಹಿನೀರಿನ ಹೊಂಡಗಳ ಅಂಚಿನಲ್ಲಿದ್ದ ಹಸಿರು ಶೈವಲಗಳಲ್ಲಿ (ಆಲ್ಗೆಗಳಲ್ಲಿ) ಹೆಚ್ಚಿನವು ನೀರು ಬತ್ತಿದಾಗಲೆಲ್ಲ ಒಣಗಿ ಸತ್ತಿರಬೇಕು. ಒಣಹವೆಯನ್ನು ತುಸು ಹೆಚ್ಚು ಹೊತ್ತು ತಾಳಿಕೊಂಡವುಗಳ ಸಂತತಿ ಉಳಿದಿರಬೇಕು. ಸುಮಾರು 47 ಕೋಟಿ ವರ್ಷಗಳಷ್ಟು ಹಳೆಯ ಬಂಡೆಗಳಲ್ಲಿ ಅಂಥವುಗಳ ಗಟ್ಟಿ ಕವಚದ ಬೀಜಕಣಗಳು ಸಿಗುತ್ತವೆ. ಗಿಡದ ಮೈ ಸಿಗುವುದಿಲ್ಲ, ಅದು ಉದುರಿಸಿದ ಧೂಳು ಮಾತ್ರ ಸಿಗುತ್ತದೆ. ಈ ಸಂಗತಿಯನ್ನು ಹಾಗೆಯೇ ಬರೆದಿದ್ದರೆ ಸಾಕಿತ್ತು.

ಎರಡನೆಯದು ‘ಪಾಚಿ’ ಎಂಬ ಪದ. ಮಳೆಗಾಲದಲ್ಲಿ ಅಂಗಳ ಜಾರುವಾಗ ‘ಪಾಚಿ ಕಟ್ಟಿದೆ’ ಎನ್ನುತ್ತೇವೆ, ಕೆರೆಯ ಮೇಲಿನ ಹಸಿರನ್ನೂ ಪಾಚಿ ಎನ್ನುತ್ತೇವೆ, ಬಾವಿಕಟ್ಟೆಯ ಮೇಲೆ ಮಖಮಲ್ಲಿನಂತೆ ಬೆಳೆದದ್ದನ್ನೂ ಅದೇ ಹೆಸರಿನಿಂದ ಕರೆಯುತ್ತೇವೆ. ಮಾತಿನಲ್ಲಿ ಅದು ಸರಿ. ಆದರೆ ಕೆರೆಯ ಪಾಚಿ ಶೈವಲ, ಬಾವಿಕಟ್ಟೆಯದು ಹಾವಸೆ (ಮಾಸ್), ಮತ್ತು ನೀವು ಹೇಳಹೊರಟ ಕಥೆಯ ಮೊದಲ ಅಧ್ಯಾಯ ಅವೆರಡರ ನಡುವೆಯೇ ನಡೆಯುತ್ತದೆ. ನಿಮ್ಮ ಬರಹದಲ್ಲಿ ಎರಡಕ್ಕೂ ಒಂದೇ ಪದವಿರುವುದರಿಂದ ಓದುಗನಿಗೆ ಪಾಚಿಯಿಂದ ಪಾಚಿ ಹುಟ್ಟಿದಂತೆ ಕಾಣುತ್ತದೆ.

ಎಲ್ಲಿಂದ ಶುರುಮಾಡಲಿ ಎಂದು ಕೇಳಿದ್ದೀರಿ. ನಾನಾಗಿದ್ದರೆ ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಒಂದು ಕಲ್ಲಿನಿಂದ ಶುರುಮಾಡುತ್ತಿದ್ದೆ. 1912ರಲ್ಲಿ ವಿಲಿಯಂ ಮ್ಯಾಕಿ ಎಂಬ ವೈದ್ಯರು (ರೋಗಿಗಳ ನಡುವೆ ಬಿಡುವು ಸಿಕ್ಕಾಗ ಕಲ್ಲು ನೋಡುವ ಹವ್ಯಾಸ ಅವರಿಗಿತ್ತು) ಅಲ್ಲಿನ ಹೊಲಗಳ ಕಲ್ಲುಗೋಡೆಯಲ್ಲಿ ಗಿಡದ ಗುರುತುಗಳಿದ್ದ ಚಕಮಕಿಯಂಥ ಕಲ್ಲುಗಳನ್ನು ಕಂಡರು. ಸುಮಾರು 40.7 ಕೋಟಿ ವರ್ಷಗಳ ಹಿಂದೆ ಅಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಸಿಲಿಕಾ ತುಂಬಿದ ಆ ನೀರು ಪಕ್ಕದ ಗಿಡಗಳ ಮೇಲೆ ಹರಿದು, ಅವು ಕೊಳೆಯುವ ಮುನ್ನವೇ ಒಳಹೊಕ್ಕು ಕಲ್ಲಾಯಿತು. ಆ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಜೀವಕೋಶಗಳ ಗೋಡೆಗಳು ಒಂದೊಂದಾಗಿ ಕಾಣುತ್ತವೆ; ಕಾಂಡದ ನಡುವೆ ನೀರು ಸಾಗಿಸುವ ನಾಳಗಳ ಗುಚ್ಛ ಕಾಣುತ್ತದೆ; ಹೊರಮೈಯಲ್ಲಿ ಎರಡು ಕಾವಲು ಕೋಶಗಳ ನಡುವಿನ ಪತ್ರರಂಧ್ರವೂ ಕಾಣುತ್ತದೆ. ಪತ್ರವೇ ಇಲ್ಲದ ಗಿಡದಲ್ಲಿ ಪತ್ರರಂಧ್ರ! ರೈನಿಯಾ ಎಂದು ಹೆಸರಿಟ್ಟ ಆ ಗಿಡ ಗೇಣುದ್ದದ್ದು, ಕವಲೊಡೆದ ಬರೀ ಕಡ್ಡಿ. ಎಲೆಯಿಲ್ಲ, ನಿಜವಾದ ಬೇರೂ ಇಲ್ಲ. ಅದರ ನೆರೆಯಲ್ಲಿದ್ದ ಅಗ್ಲಾಫೈಟಾನ್ ಎಂಬ ಗಿಡದ ಕೋಶಗಳೊಳಗೆ ಪುಟ್ಟ ಪೊದೆಯಂತೆ ಕವಲೊಡೆದ ಶಿಲೀಂಧ್ರವಿದೆ. ಇಂದಿನ ಹೆಚ್ಚಿನ ಗಿಡಗಳ ಬೇರಿನಲ್ಲಿದ್ದುಕೊಂಡು ಮಣ್ಣಿನ ರಂಜಕವನ್ನು ತಂದುಕೊಡುವ ಶಿಲೀಂಧ್ರವೂ ಇದೇ ಬಗೆಯದು. ಅಂದರೆ ಬೇರು ಬರುವ ಮೊದಲೇ ಆ ನಂಟು ಕುದುರಿತ್ತು. ಕಿಡ್‌ಸ್ಟನ್ ಮತ್ತು ಲ್ಯಾಂಗ್ ಎಂಬ ಇಬ್ಬರು ಸಸ್ಯವಿಜ್ಞಾನಿಗಳು 1917ರಿಂದ 1921ರವರೆಗೆ ಈ ಗಿಡಗಳನ್ನು ವರ್ಣಿಸಿದರು. ಅವುಗಳಲ್ಲೊಂದಕ್ಕೆ ಮ್ಯಾಕಿಯವರ ಹೆಸರೂ ಅಂಟಿತು.

ಅಂಕಿಗಳ ವಿಷಯದಲ್ಲಿ ಎಚ್ಚರವಿರಲಿ. ನಾನು ಬರೆಯಲಾರಂಭಿಸಿದ ಕಾಲದಲ್ಲಿ ಕೋಟಿ ಎನ್ನಬೇಕಾದಲ್ಲಿ ಲಕ್ಷವೆಂದು ಬರೆದು, ರೈನಿಯ ಗಿಡಗಳನ್ನು 40 ಲಕ್ಷ ವರ್ಷಗಳ ಹಿಂದೆ ಬೆಳೆಸಿಬಿಟ್ಟಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಕಾರ್ಡು ಬರೆದರು: ‘ಆಗ ಹಿಮಾಲಯವೇ ಎದ್ದು ನಿಂತಿತ್ತಲ್ಲ ಸ್ವಾಮಿ?’ ನಿಮ್ಮ ಎಂಟನೆಯ ಪುಟದಲ್ಲೂ ಅಂಥದೇ ಒಂದು ಅಂಕಿ ಕುಳಿತಿದೆ. ಕೆಂಪು ಗುರುತು ಹಾಕಿದ್ದೇನೆ.

ಮರಗಳ ಭಾಗ ಚೆನ್ನಾಗಿದೆ. ಆರ್ಕಿಯಾಪ್ಟೆರಿಸ್ ಎಂಬ ಪುರಾತನ ಮರದ ಬಗ್ಗೆ ಒಂದು ಮಾತು ಸೇರಿಸಿ: ಜರಿಗಿಡದಂಥ ಅದರ ಎಲೆಗೆ ಒಂದು ಹೆಸರು, ಪೈನ್ ಮರದ ಕಟ್ಟಿಗೆಯಂಥ ಕಾಂಡಕ್ಕೆ ಮತ್ತೊಂದು ಹೆಸರು ಎಂದು ಬಹುಕಾಲ ಎರಡು ಗಿಡಗಳಾಗಿಯೇ ಇದ್ದ ಅದು ಒಂದೇ ಮರವೆಂದು 1960ರಲ್ಲಿ ಚಾರ್ಲ್ಸ್ ಬೆಕ್ ತೋರಿಸಿದರು.

ಕಲ್ಲಿದ್ದಲಿನಲ್ಲಿ ಮಾತ್ರ ಎಡವಿದ್ದೀರಿ: ಎಲ್ಲ ದೇಶಗಳ ಕಲ್ಲಿದ್ದಲೂ ಒಂದೇ ಕಾಡಿನದೆಂಬಂತೆ ಬರೆದಿದ್ದೀರಿ. ಲೆಪಿಡೋಡೆಂಡ್ರಾನ್‌ನಂಥ ದೈತ್ಯ ಮರಗಳು ಯುರೋಪು ಮತ್ತು ಉತ್ತರ ಅಮೆರಿಕದ ಕಲ್ಲಿದ್ದಲಾದವು. ನಮ್ಮ ದೇಶದ ಕಲ್ಲಿದ್ದಲಿನ ಬಹುಪಾಲು ಅನಂತರದ ಪರ್ಮಿಯನ್ ಯುಗದ್ದು (ಸುಮಾರು 30ರಿಂದ 25 ಕೋಟಿ ವರ್ಷಗಳ ಹಿಂದಿನದು). ಅದರ ಮುಖ್ಯ ಗಿಡ ನಾಲಗೆಯಾಕಾರದ ಎಲೆಯ ಗ್ಲಾಸೊಪ್ಟೆರಿಸ್. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದ ಕುಲುಮೆಗೆ ತೆಲಂಗಾಣದ ಸಿಂಗರೇಣಿಯಿಂದ ಬರುವ ಕಲ್ಲಿದ್ದಲು ಅದೇ ಕಾಡಿನದು. ಕರ್ನಾಟಕದ ಬಹುಪಾಲು ಬಂಡೆಗಳು ನೆಲದಲ್ಲಿ ಗಿಡವೇ ಇಲ್ಲದ ಕಾಲದವಾದ್ದರಿಂದ ಅವುಗಳಲ್ಲಿ ಕಲ್ಲಿದ್ದಲು ಹುಡುಕಿ ಫಲವಿಲ್ಲ. 1912ರಲ್ಲೇ ದಕ್ಷಿಣ ಧ್ರುವದಿಂದ ಮರಳುವಾಗ ತೀರಿಕೊಂಡ ಬ್ರಿಟಿಷ್ ಅನ್ವೇಷಕ ಸ್ಕಾಟ್ ಅವರ ತಂಡದ ಬಳಿ ಸಿಕ್ಕ ಸುಮಾರು 16 ಕಿಲೋ ಕಲ್ಲುಗಳಲ್ಲೂ ಗ್ಲಾಸೊಪ್ಟೆರಿಸ್ ಇತ್ತು. ಬೇರೆ ಎಷ್ಟೋ ಭಾರವನ್ನು ಇಳಿಸಿದವರು ಅದನ್ನು ಇಳಿಸಿರಲಿಲ್ಲ.

ಹೂವಿಗೆ ನೀವು ಅರ್ಧ ಹಸ್ತಪ್ರತಿ ಕೊಟ್ಟಿದ್ದೀರಿ. ಹೂಗಿಡಗಳ ಖಚಿತ ಪಳೆಯುಳಿಕೆಗಳು ಸುಮಾರು 13 ಕೋಟಿ ವರ್ಷಗಳಷ್ಟು ಹಳೆಯವು, ಅಷ್ಟೆ. ಅದನ್ನು ಕಾಲುಭಾಗಕ್ಕೆ ಇಳಿಸಿ. ಉಳಿದ ಜಾಗದಲ್ಲಿ ನೀವು ಬಿಟ್ಟಿರುವುದನ್ನು ಬರೆಯಿರಿ. ‘ಗಿಡಗಳು ನೀರಿನ ಹಂಗು ಹರಿದುಕೊಂಡವು’ ಎಂದಿದ್ದೀರಿ. ಆದರೆ ಹಾವಸೆ ಮತ್ತು ಜರಿಗಿಡಗಳ ಗಂಡುಕಣ ಇಂದಿಗೂ ಮಳೆಹನಿಯಲ್ಲಿ ಈಜಿಯೇ ಅಂಡವನ್ನು ಮುಟ್ಟಬೇಕು. ಬೀಜದ ಗಿಡಗಳಲ್ಲೂ ಆ ಚಾಳಿ ಪೂರ್ತಿ ಹೋಗಿಲ್ಲ: 1896ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಚಿತ್ರ ಬರೆಯುವ ಕೆಲಸಕ್ಕಿದ್ದ ಹಿರಾಸೆ ಎಂಬವರು ಗಿಂಕ್ಗೊ ಮರದ ಬೀಜವಾಗಬೇಕಿದ್ದ ಅಂಡಕವನ್ನು ಕೊಯ್ದು ನೋಡಿದಾಗ, ಒಳಗಿನ ಒಂದು ತೊಟ್ಟು ದ್ರವದಲ್ಲಿ ಗಂಡುಕಣ ಈಜುತ್ತಿತ್ತು. ಸೈಕಸ್‌ನಲ್ಲೂ ಅದೇ ವರ್ಷ ಅದು ಕಂಡಿತು. ಈ ಪುಟವನ್ನು ಬರೆದು, ಆಮೇಲೆ ಪೂರ್ತಿ ಹಸ್ತಪ್ರತಿಯನ್ನು ಮತ್ತೊಮ್ಮೆ ಕಳಿಸಿ. ಪುಟದ ಎಡಬದಿಯಲ್ಲಿ ಇನ್ನೂ ಸ್ವಲ್ಪ ಅಗಲ ಬಿಟ್ಟರೆ ನನಗೆ ಗುರುತು ಹಾಕಲು ಅನುಕೂಲ.

ನಿಮ್ಮ ಹಿತೈಷಿ